ನಮ್ಮ ಬೀದಿಯ ಅಂಗನವಾಡಿ: ಊಟಕ್ಕೆ ಪೂರ್ಣ ಅಂಕ, ಗಡಿಯಾರಕ್ಕೆ ಅರ್ಧ

ಪಡಿತರ ಅಂಗಡಿಗೂ ಮಾರಮ್ಮನ ಗುಡಿಗೂ ನಡುವೆ ಇರುವ ನಮ್ಮ ಬೀದಿಯ ಅಂಗನವಾಡಿಯ ಗೋಡೆಯ ಮೇಲೆ ಒಂದು ಆನೆ, ಒಂದು ಮಾವಿನಹಣ್ಣು ಮತ್ತು ಸೊಂಡಿಲಿನ ಅರ್ಧಕ್ಕೇ ಬಣ್ಣ ಮುಗಿದುಹೋದ ಇನ್ನೊಂದು ಆನೆ ಇವೆ. ಮದುವೆಯಾಗಿ ಈ ಬೀದಿಗೆ ಬಂದಾಗಿನಿಂದ ದಿನವೂ ಅದರ ಮುಂದೆಯೇ ನಡೆದು ಕೆಲಸಕ್ಕೆ ಹೋಗುತ್ತಿದ್ದರೂ ನಾನು ಒಳಗೆ ಕಾಲಿಟ್ಟವಳಲ್ಲ. ಪೋಲಿಯೊ ಹನಿ ಹಾಕಿಸುವ ಭಾನುವಾರಗಳಲ್ಲಿ ಬಾಗಿಲವರೆಗೆ ಹೋಗಿ ಬಂದಿದ್ದೆ, ಅಷ್ಟೇ. ಈಗ ಎರಡು ವರ್ಷದಿಂದ ನನ್ನ ಮಗಳು ಅಲ್ಲಿಗೇ ಹೋಗುತ್ತಿದ್ದಾಳೆ. ನಾನು ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ, ಪತಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಅವರಿಗೆ ವಾರಕ್ಕೊಂದು ಪಾಳಿ. ಅತ್ತೆಯವರು ಊರಿನಲ್ಲಿ ಹಸು ಕರು ಬಿಟ್ಟು ಬಂದು ಇಲ್ಲಿ ನೆಲೆಸುವಂತಿಲ್ಲ. ಮೈಸೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇಂಥ ಮನೆಯವರಿಗೆ ಅಂಗನವಾಡಿಯೆಂಬ ಸೇವೆ ಎಲ್ಲಿ ಆಸರೆಯಾಗುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು, ಮಗುವನ್ನು ಎಲ್ಲಿಗೆ ಕಳಿಸುವುದೆಂದು ತಲೆ ಕೆಡಿಸಿಕೊಂಡಿರುವ ಇತರ ತಂದೆ ತಾಯಿಯರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಾವು ಮೊದಲು ಹೋದದ್ದು ಅಂಗನವಾಡಿಗಲ್ಲ. ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳಾಗಿದ್ದಾಗ ಒಂದು ಪ್ಲೇ ಹೋಮಿಗೆ ಸೇರಿಸಿದೆವು. ಹೆಸರು ಬೇಡ, ಅವರಂಥವರು ಪ್ರತಿ ಊರಿನಲ್ಲೂ ಇದ್ದಾರೆ. ವರ್ಷಕ್ಕೆ 32,000 ರೂಪಾಯಿ ಶುಲ್ಕ, ಅದರ ಮೇಲೆ ಎರಡು ಜೊತೆ ಸಮವಸ್ತ್ರ, ಒಂದು ಚೀಲ, ಐದು ಪುಸ್ತಕ. ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ಒಂದು ಗಂಟೆಯ ನಂತರ ಮಗುವನ್ನು ಇಟ್ಟುಕೊಳ್ಳಲು ತಿಂಗಳಿಗೆ ಪ್ರತ್ಯೇಕ ಹಣ. ನಾವು ಅದನ್ನೂ ಕಟ್ಟಿದೆವು. ಸಂಜೆ ಚೀಲ ಬಿಚ್ಚಿದರೆ ಊಟದ ಡಬ್ಬಿ ಬೆಳಿಗ್ಗೆ ತುಂಬಿದ ಹಾಗೆಯೇ ಇರುತ್ತಿತ್ತು, ಒದ್ದೆಯಾದ ಚಡ್ಡಿ ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ ಇರುತ್ತಿತ್ತು, ಚುಕ್ಕೆಗಳ ಮೇಲೆ ಪೆನ್ಸಿಲ್ ತಿದ್ದಿದ ಒಂದು ಪುಟ ಮಾತ್ರ ತಪ್ಪದೆ ಇರುತ್ತಿತ್ತು. ಮೂರು ತುಂಬದ ಮಗುವಿನ ಬೆರಳು ಪೆನ್ಸಿಲ್ಲನ್ನು ಹಿಡಿಯುವುದಿಲ್ಲ, ಮುಷ್ಟಿ ಹಿಡಿಯುತ್ತದೆ. ಆದ್ದರಿಂದ ಆ ಪುಟವನ್ನು ಯಾರ ಕೈ ತಿದ್ದಿಸಿರಬಹುದೆಂದು ಊಹಿಸುವುದು ಕಷ್ಟವಿರಲಿಲ್ಲ. ಡಿಸೆಂಬರ್ ಹೊತ್ತಿಗೆ ಮಗು ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಎದ್ದು ಕೂರಲು ಶುರುಮಾಡಿದ ಮೇಲೆ ಬಿಡಿಸಿದೆವು. ಉಳಿದ ಶುಲ್ಕ ಹಿಂದಕ್ಕೆ ಬರಲಿಲ್ಲ.

ಅಂಗನವಾಡಿಯನ್ನು ಸೂಚಿಸಿದವರು ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ. ನಮ್ಮನ್ನು ಅಷ್ಟು ದಿನ ತಡೆದದ್ದು ಗುಣಮಟ್ಟದ ಬಗೆಗಿನ ಅನುಮಾನಕ್ಕಿಂತ ಹೆಚ್ಚಾಗಿ ಮರ್ಯಾದೆಯ ಪ್ರಶ್ನೆ ಎಂದು ಒಪ್ಪಿಕೊಳ್ಳಬೇಕು. ಸೇರಿಸಿದ ವಾರವೇ ಎದುರು ಮನೆಯ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿ, "ಏನವ್ವಾ, ಇಬ್ರೂ ಸಂಬಳ ತಕೊಂಡು ಮಗೀನ ಅಂಗನವಾಡಿಗೆ ಕಳುಸ್ತಿದೀರಂತೆ?" ಎಂದು ಕೇಳಿದರು. ಉತ್ತರ ಸಿಗಲು ನನಗೆ ಒಂದು ವರ್ಷ ಬೇಕಾಯಿತು.

ಮೊದಲ ದಿನದ ಅನುಭವವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಈ ಸೇವೆಯ ಅತ್ಯುತ್ತಮ ಭಾಗ ಕಾಗದದ ಮೇಲಿಲ್ಲ, ಅಲ್ಲಿನ ಸಹಾಯಕಿಯ ಕೈಯಲ್ಲಿದೆ. ಪ್ಲೇ ಹೋಮಿನಲ್ಲಿ ಅಳುವ ಮಗುವನ್ನು ಗೇಟಿನಲ್ಲೇ ಎತ್ತಿಕೊಂಡು ನಮ್ಮನ್ನು ಕಳಿಸಿಬಿಡುತ್ತಿದ್ದರು. ಇಲ್ಲಿ ಸಹಾಯಕಿ ಬಾಗಿಲಿನ ಹೊಸ್ತಿಲ ಮೇಲೆ ಮೊರದಲ್ಲಿ ತೊಗರಿಬೇಳೆ ಆರಿಸುತ್ತಾ ಕುಳಿತಿದ್ದರು. ನನ್ನ ಸೆರಗು ಬಿಡದ ಮಗಳನ್ನು ಕರೆಯಲಿಲ್ಲ, ಮುದ್ದು ಮಾಡಲಿಲ್ಲ. ಮೊರವನ್ನು ಸ್ವಲ್ಪ ಅವಳ ಕಡೆ ಜರುಗಿಸಿ, "ನಂಗೆ ಕಣ್ಣು ಸರಿಯಾಗಿ ಕಾಣಲ್ಲ, ಕಲ್ಲು ಎಲ್ಲೈತೆ ತೋರ್ಸವ್ವಾ" ಎಂದರು. ಮಗಳು ನಿಂತಲ್ಲಿಂದಲೇ ಬೆರಳು ತೋರಿಸಿದಳು. ಎರಡನೆಯ ಕಲ್ಲಿಗೆ ಕುಳಿತಳು. ನಾನು ಗೋಡೆಗೆ ಒರಗಿ ಅರ್ಧ ಗಂಟೆ ಇದ್ದೆ, ಯಾರೂ ಹೋಗಿ ಎನ್ನಲಿಲ್ಲ. ಮೂರು ದಿನ ಹೀಗೆ ಇರಲು ಬಿಟ್ಟರು. ನಾಲ್ಕನೆಯ ದಿನ ಟೀಚರ್ ನನ್ನ ಹತ್ತಿರ ಬಂದು, "ಮೇಡಂ, ಇವತ್ತು ಹೇಳಿ ಹೋಗಿ, ಕದ್ದು ಹೋಗಬೇಡಿ. ಕದ್ದು ಹೋದರೆ ನಾಳೆ ನಂಬೋದಿಲ್ಲ" ಎಂದರು. ಹೇಳಿ ಹೋದೆ, ಅತ್ತಳು, ನಾನು ಮೂಲೆ ತಿರುಗುವಷ್ಟರಲ್ಲಿ ನಿಂತಿತು.

ಇನ್ನು ಊಟ. ಆಹಾರ ಭದ್ರತಾ ಕಾಯ್ದೆ ಬಂದ 2013ರಿಂದ ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿಯಲ್ಲಿ ಬೆಳಗಿನ ಉಪಾಹಾರ ಮತ್ತು ಬಿಸಿಯೂಟ ಸಿಗಬೇಕೆಂಬುದು ಶಾಸನಬದ್ಧ ಹಕ್ಕು. ಕಾಯ್ದೆ ಬಂದಾಗ ದಿನಕ್ಕೆ 500 ಕಿಲೊ ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನು ಎಂದು ಅದರಲ್ಲಿ ಲೆಕ್ಕವನ್ನೂ ಹಾಕಲಾಗಿತ್ತು. ಅದೇ ವರ್ಷ ಆಗಸ್ಟಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕ್ಷೀರಭಾಗ್ಯದ 150 ಮಿಲಿ ಲೀಟರ್ ಹಾಲು ಇದರ ಜೊತೆಗೆ ಸೇರುತ್ತದೆ. ನಂದಿನಿ ಹಾಲಿನ ಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಆಮೇಲೆ ಕುದಿಯುವ ನೀರಿಗೆ ಬೆರೆಸುತ್ತಾರೆ. ಗಂಟು ಉಳಿದರೆ ಮಕ್ಕಳು ಕುಡಿಯುವುದಿಲ್ಲವೆಂಬುದು ಸಹಾಯಕಿ ಹನ್ನೆರಡು ವರ್ಷದ ಅನುಭವದಿಂದ ಹೇಳುವ ಮಾತು. ಪ್ರತಿ ಮಗುವಿಗೂ ಮನೆಯಿಂದ ತಂದ ಸ್ಟೀಲ್ ಲೋಟ ಇದೆ. ಓದಲು ಬಾರದ ಮಕ್ಕಳಿಗೆ ಗುರುತು ಸಿಗಲೆಂದು ಟೀಚರ್ ಅವುಗಳ ತಳದಲ್ಲಿ ಮೊಳೆಯಿಂದ ಹೂವು, ಮೀನು, ಛತ್ರಿ ಗೀಚಿಕೊಟ್ಟಿದ್ದಾರೆ. ನನ್ನ ಮಗಳದು ಛತ್ರಿ. ಮನೆಯಲ್ಲಿ ಹಾಲೆಂದರೆ ಓಡಿಹೋಗುತ್ತಿದ್ದವಳು ಅಲ್ಲಿ ಲೋಟ ಕವುಚಿ ಛತ್ರಿ ನೋಡುವುದಕ್ಕಾಗಿ ಹಾಲು ಖಾಲಿ ಮಾಡುತ್ತಾಳೆ.

ವಾರಕ್ಕೆ ಎರಡು ದಿನ ಮೊಟ್ಟೆ. ಉಳಿದಂತೆ ಅನ್ನ ಸಾಂಬಾರು, ಮೊಳಕೆಕಾಳು, ಉಪ್ಪಿಟ್ಟು, ಗೋಧಿ ಪಾಯಸ ದಿನ ಬದಲಾಯಿಸಿ ಬರುತ್ತವೆ. ರುಚಿಯ ಬಗ್ಗೆ ಹೇಳುವುದಾದರೆ ಸಾಂಬಾರಿನಲ್ಲಿ ಖಾರ ಕಡಿಮೆ, ತರಕಾರಿ ಕೆಲವು ದಿನ ಹೆಸರಿಗೆ ಮಾತ್ರ. ಆದರೆ ಇಪ್ಪತ್ತೆರಡು ಮಕ್ಕಳು ಎರಡು ಸಾಲಿನಲ್ಲಿ ಕುಳಿತು, ಪಕ್ಕದವರ ತಟ್ಟೆ ನೋಡಿಕೊಂಡು ತಮ್ಮ ಕೈಯಾರೆ ತಿನ್ನುವ ಊಟಕ್ಕೂ, ಮನೆಯಲ್ಲಿ ಮೊಬೈಲಿನಲ್ಲಿ ಹಾಡು ಹಾಕಿ ಬಾಯಿಗೆ ತುರುಕುವ ಊಟಕ್ಕೂ ಇರುವ ಅಂತರ ನಮಗೆ ಎರಡು ತಿಂಗಳಲ್ಲಿ ಕಂಡಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ಒಂದು ಗಂಟೆಯನ್ನು ನಾವು ರಾತ್ರಿ ಊಟದಲ್ಲೇ ಮುಗಿಸುತ್ತಿದ್ದೆವು. ಈಗ ರಾತ್ರಿ ಊಟಕ್ಕೆ ಮೊಬೈಲ್ ಇಲ್ಲ. ಇದಕ್ಕೆ ನಮ್ಮ ಶಿಸ್ತು ಕಾರಣವಲ್ಲ. ಅನ್ನವನ್ನು ತಾನೇ ಕಲಸಿಕೊಳ್ಳಲು ಕಲಿತವಳಿಗೆ ಎರಡೂ ಕೈಗೆ ಕೆಲಸ ಸಿಕ್ಕಿತು, ಅಷ್ಟೇ.

ಹಣ ಕೊಟ್ಟ ಕಡೆ ಯಾರೂ ಮಾಡದ ಒಂದು ಕೆಲಸವನ್ನು ಇಲ್ಲಿ ಮೊದಲ ವಾರವೇ ಮಾಡಿದರು: ಮಗುವನ್ನು ತೂಗಿದರು. ಮೂರು ವರ್ಷ ನಾಲ್ಕು ತಿಂಗಳಿಗೆ 10.9 ಕೆ.ಜಿ. ಟೀಚರ್ ಬೆಳವಣಿಗೆಯ ನಕ್ಷೆಯ ಮೇಲೆ ಚುಕ್ಕೆ ಇಟ್ಟು ನನ್ನ ಕಡೆ ತಿರುಗಿಸಿದಾಗ ಅದು ಹಸಿರು ಪಟ್ಟಿಯ ಕೆಳಗೆ, ಹಳದಿಯಲ್ಲಿತ್ತು. ತೆಳ್ಳಗಿದ್ದಾಳೆ, ಅಪ್ಪನ ಹಾಗೆ, ಎಂದುಕೊಂಡು ಸುಮ್ಮನಿದ್ದ ನಮಗೆ ಅದು ಕಪಾಳಕ್ಕೆ ಹೊಡೆದಂತಾಯಿತು. ಟೀಚರ್ ಗಾಬರಿ ಹುಟ್ಟಿಸಲಿಲ್ಲ. ಮನೆಯಲ್ಲಿ ಏನು ಕೊಡುತ್ತೀರಿ, ಎಷ್ಟು ಸಲ ಕೊಡುತ್ತೀರಿ ಎಂದು ಕೇಳಿ ಬರೆದುಕೊಂಡರು; ಬೆಳಿಗ್ಗೆ ಏಳಕ್ಕೆ ಕೊಡುತ್ತಿದ್ದ ದೊಡ್ಡ ಲೋಟ ಹಾರ್ಲಿಕ್ಸ್ ಹಾಲು ತಿಂಡಿಯ ಹಸಿವನ್ನು ಕೊಲ್ಲುತ್ತಿದೆ ಎಂದರು; ರಾಗಿ ಗಂಜಿಗೆ ಒಂದು ಚಮಚ ತುಪ್ಪ, ಸಂಜೆ ಬೇಯಿಸಿದ ಕಡಲೆಬೀಜ ಎಂದು ನಮ್ಮ ಮನೆಯಲ್ಲೇ ಇರುವ ಪದಾರ್ಥಗಳನ್ನು ಹೇಳಿದರು. ಜಂತುಹುಳದ ಮಾತ್ರೆಯನ್ನೂ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ದ್ರಾವಣವನ್ನೂ ತಪ್ಪಿಸಬೇಡಿ ಎಂದರು. ಒಂದು ವರ್ಷದ ಮೇಲೆ 13.4 ಕೆ.ಜಿ. ಆದಾಗ ಚುಕ್ಕೆ ಹಸಿರಿಗೆ ಹತ್ತಿತು. ಆ ದಿನ ಎದುರು ಮನೆಯ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಸಿಕ್ಕಿತು, ಆದರೆ ಅಷ್ಟು ಹೊತ್ತಿಗೆ ಅವರ ಮೊಮ್ಮಗನೂ ಅಲ್ಲಿಗೇ ಬರುತ್ತಿದ್ದ.

ಕಲಿಕೆಯ ವಿಷಯದಲ್ಲಿ ತಂದೆ ತಾಯಿಯರಿಗೆ ಇರುವ ದೊಡ್ಡ ಆತಂಕ ಬರವಣಿಗೆ. ನಮ್ಮ ಅಂಗನವಾಡಿಯಲ್ಲಿ ಬರೆಸುವುದಿಲ್ಲ. ‘ಚಿಲಿಪಿಲಿ’ ಎಂಬ ಚಟುವಟಿಕೆಗಳ ಪುಸ್ತಕದಂತೆ ಒಂದೊಂದು ವಾರ ಒಂದೊಂದು ವಿಷಯ ಇಟ್ಟುಕೊಂಡು ಹಾಡು, ಕತೆ, ಕಾಳು ವಿಂಗಡಿಸುವುದು, ಎಲೆಗಳನ್ನು ದೊಡ್ಡದು ಚಿಕ್ಕದು ಎಂದು ಜೋಡಿಸುವುದು, ಹುಣಿಸೆಬೀಜ ಎಣಿಸುವುದು, ಇಷ್ಟೇ. ನನ್ನ ಸಹೋದ್ಯೋಗಿಯ ಮಗ ಅದೇ ವಯಸ್ಸಿನಲ್ಲಿ ಇಂಗ್ಲಿಷಿನಲ್ಲಿ ಐವತ್ತರವರೆಗೆ ಬರೆಯುತ್ತಿದ್ದಾನೆಂದು ಕೇಳಿ ನನಗೂ ಒಂದು ರಾತ್ರಿ ನಿದ್ದೆ ಬರಲಿಲ್ಲ. ಟೀಚರನ್ನು ಕೇಳಿದೆ. ಅವರು ಮಗಳನ್ನು ಕರೆದು ಹುಣಿಸೆಬೀಜದ ರಾಶಿಯಿಂದ ಏಳು ಬೀಜ ತರಲು ಹೇಳಿದರು, ತಂದಳು. ಅದರಲ್ಲಿ ಎರಡನ್ನು ನನಗೆ ಕೊಡಲು ಹೇಳಿ, ಉಳಿದದ್ದೆಷ್ಟು ಎಂದು ಕೇಳಿದರು. ಕೈಯಲ್ಲಿದ್ದದ್ದನ್ನು ನೋಡಿ "ಐದು" ಎಂದಳು. ಐವತ್ತರವರೆಗೆ ಬರೆಯುವ ಹುಡುಗನಿಗೆ ಇದೇ ಲೆಕ್ಕ ಕೊಟ್ಟು ನೋಡಬೇಕೆಂಬ ಕೆಟ್ಟ ಆಸೆ ನನಗೆ ಬಂದದ್ದು ನಿಜ, ಕೊಡಲಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಐದು ವರ್ಷವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟದ ಮೂಲಕ ಕಲಿಕೆ ಎನ್ನುತ್ತದೆ. ರಾಜ್ಯದಲ್ಲಿ ಒಂದನೆಯ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವೂ ಇದೆ. 2025–26ನೇ ಸಾಲಿಗೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು. ಸೆಪ್ಟೆಂಬರಿನಲ್ಲಿ ಹುಟ್ಟಿದ ನನ್ನ ಮಗಳಂಥವರು ಆರು ತುಂಬಿರಬೇಕೆಂಬ ನಿಯಮದಿಂದಾಗಿ ಒಂದನೆಯ ತರಗತಿಗೆ ಹೋಗುವ ಹೊತ್ತಿಗೆ ಆರು ಮುಕ್ಕಾಲು ವರ್ಷದವರಾಗುತ್ತಾರೆ. ಹೇಗೂ ಅಷ್ಟು ಕಾಲ ಕಾಯಬೇಕಾದ ಮಗುವನ್ನು ಎರಡು ಮುಕ್ಕಾಲು ವರ್ಷಕ್ಕೇ ಪೆನ್ಸಿಲ್ಲಿಗೆ ಕಟ್ಟಿಹಾಕಿದ ನಮ್ಮ ಆತುರವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಆದರೆ ಒಂದು ಕೊರತೆಯನ್ನು ಹೇಳಲೇಬೇಕು: ಮೂರು ವರ್ಷದವರೂ ಐದೂವರೆಯವರೂ ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ ಕೈಕೆಳಗೆ ಇರುವುದರಿಂದ ದೊಡ್ಡ ಮಕ್ಕಳಿಗೆ ಕೊನೆಯ ವರ್ಷದಲ್ಲಿ ಬೇಸರ ಹುಟ್ಟುತ್ತದೆ. ಮಗಳು ಈಗೀಗ "ಅದೇ ಹಾಡು" ಎಂದು ಮುಖ ಸೊಟ್ಟ ಮಾಡುತ್ತಾಳೆ. ಸಮೀಪದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ ತೆರೆದ ಕಡೆಗಳಲ್ಲಿ ಅಂಗನವಾಡಿಯ ದೊಡ್ಡ ಮಕ್ಕಳು ಅತ್ತ ಹೋಗುತ್ತಿರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈಗ ದೂರುಗಳಿಗೆ ಬರುತ್ತೇನೆ. ಶೌಚಾಲಯ ಇದೆ, ಆದರೆ ಬಾಗಿಲಿನ ಚಿಲಕ ಇದ್ದದ್ದು ದೊಡ್ಡವರ ಎತ್ತರದಲ್ಲಿ, ಕಮೋಡು ದೊಡ್ಡವರ ಅಳತೆಯದು. ಮೂರು ವರ್ಷದ ಮಗು ಒಬ್ಬಳೇ ಹೋಗಲಾರಳು, ಸಹಾಯಕಿ ಒಲೆಯ ಮುಂದೆ ಇರುವ ಹೊತ್ತಿನಲ್ಲಿ ಕೇಳಲೂ ಹೆದರುತ್ತಾಳೆ. ಮಳೆಗಾಲದಲ್ಲಿ ಸಾಮಾನಿನ ಕೋಣೆ ಸೋರುವುದರಿಂದ ಅಕ್ಕಿ ಮೂಟೆಯನ್ನು ಮಕ್ಕಳ ಕೋಣೆಗೆ ತರುತ್ತಾರೆ, ಆಗ ಆಟಕ್ಕೆ ಉಳಿಯುವ ಜಾಗ ಒಂದು ಚಾಪೆಯಷ್ಟು. ಮೊಟ್ಟೆಯ ಬೆಲೆ ಏರಿದ ತಿಂಗಳುಗಳಲ್ಲಿ ಹಣ ತಡವಾಗಿ ಬಂದು, ಟೀಚರ್ ಅಂಗಡಿಯಲ್ಲಿ ತಮ್ಮ ಹೆಸರಿನಲ್ಲಿ ಸಾಲ ಬರೆಸಿ ಮೊಟ್ಟೆ ತಂದದ್ದನ್ನು ನಾನೇ ನೋಡಿದ್ದೇನೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಸಿಟ್ಟು ತರಿಸುವುದು ಟೀಚರ ಸಮಯವನ್ನು ಬೇರೆಯವರು ಕಸಿದುಕೊಳ್ಳುವ ರೀತಿ. ಮತದಾರರ ಪಟ್ಟಿಯ ಪರಿಷ್ಕರಣೆ, ಒಂದಿಲ್ಲೊಂದು ಸಮೀಕ್ಷೆ, ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ದಿನದ ಹಾಜರಿ ಮತ್ತು ಊಟದ ವಿವರ ತುಂಬುವುದು, ಮೇಲ್ವಿಚಾರಕಿಯ ಸಭೆ, ಗರ್ಭಿಣಿಯರ ಮನೆಭೇಟಿ, ಹೀಗೆ ಒಬ್ಬ ಹೆಂಗಸಿಗೆ ಎಷ್ಟು ಕೆಲಸ ಹೇರಬಹುದೋ ಅಷ್ಟನ್ನೂ ಹೇರಲಾಗಿದೆ. ಟೀಚರ್ ಇಲ್ಲದ ದಿನ ಸಹಾಯಕಿ ಅಡುಗೆಯನ್ನೂ ಮಾಡಿ ಇಪ್ಪತ್ತೆರಡು ಮಕ್ಕಳನ್ನೂ ನೋಡಿಕೊಳ್ಳಬೇಕು. ಆ ದಿನಗಳಲ್ಲಿ ಕತೆ ಇಲ್ಲ, ಹಾಡು ಇಲ್ಲ, ಬಾಗಿಲಿಗೆ ಅಡ್ಡ ಬೆಂಚು ಹಾಕಿರುತ್ತಾರೆ. ಈ ಕೆಲಸಕ್ಕೆ ಸಿಗುವುದನ್ನು ಇಂದಿಗೂ ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಗ್ರಾಚ್ಯುಟಿಗೆ ಇವರು ಅರ್ಹರೆಂದು ಹೇಳಲು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತೀರ್ಪು ಕೊಡಬೇಕಾಯಿತು. ಹಾಗಾಗಿ ಮೇಲಿನ ದೂರುಗಳಲ್ಲಿ ಒಂದನ್ನೂ ನಾನು ಆ ಇಬ್ಬರು ಹೆಂಗಸರ ಲೆಕ್ಕಕ್ಕೆ ಬರೆಯುವುದಿಲ್ಲ.

ಕೊನೆಯದು ಗಡಿಯಾರ. ಕೇಂದ್ರ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ನನ್ನ ಬ್ಯಾಂಕಿನಲ್ಲಿ ನಗದು ಲೆಕ್ಕ ಮುಗಿಸಿ ಹೊರಬರುವುದು ಐದೂವರೆಗೆ. ಪತಿಗೆ ಮಧ್ಯಾಹ್ನದ ಪಾಳಿ ಇರುವ ವಾರ ನಾಲ್ಕಕ್ಕೆ ಬಾಗಿಲಲ್ಲಿ ನಿಲ್ಲುವವರು ಯಾರೂ ಇಲ್ಲ. ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದರ ಮೊದಲ ತಾಲ್ಲೂಕು ನಮ್ಮದೇ ಜಿಲ್ಲೆಯ ತಿ. ನರಸೀಪುರ. ಅಂದು ಗುರಿ ಇದ್ದದ್ದು ಅಪೌಷ್ಟಿಕತೆಯ ಮೇಲೆ, ಮಗುವಿನ ತಟ್ಟೆ ಮತ್ತು ಚುಚ್ಚುಮದ್ದಿನ ಮೇಲೆ. ತಾಯಿ ಸಂಜೆ ಎಷ್ಟು ಹೊತ್ತಿಗೆ ಮನೆಗೆ ಬರುತ್ತಾಳೆಂಬುದು ಆ ಲೆಕ್ಕದಲ್ಲಿ ಇರಲಿಲ್ಲ, ಐವತ್ತು ವರ್ಷದ ಮೇಲೂ ಇಲ್ಲ. ಐವತ್ತು ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದಿದೆ. ನಮ್ಮ ಶಾಖೆಯಲ್ಲಿರುವುದು ಹನ್ನೊಂದು ಮಂದಿ. ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳು ಗ್ರಾಮೀಣ ಉದ್ಯೋಗ ಖಾತರಿಯ ಕೂಲಿಗೆ ಹೋಗುವವರ ಮೂರು ವರ್ಷದೊಳಗಿನ ಮಕ್ಕಳಿಗೆ. ಪಟ್ಟಣದಲ್ಲಿ ದುಡಿಯುವವರ ನಾಲ್ಕು ವರ್ಷದ ಮಗುವಿಗೆ ನಾಲ್ಕು ಗಂಟೆಯಾದ ಮೇಲೆ ಇವುಗಳಲ್ಲಿ ಯಾವುದೂ ಇಲ್ಲ.

ನಾವು ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ. ನನ್ನಂತೆಯೇ ಸಂಜೆ ತಡವಾಗುವ ಇನ್ನಿಬ್ಬರು ತಾಯಂದಿರು, ಒಬ್ಬರು ಗಾರ್ಮೆಂಟ್ಸಿನವರು, ಒಬ್ಬರು ಆಸ್ಪತ್ರೆಯ ನರ್ಸು, ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪರಿಚಯವಾದರು. ಅಂಗನವಾಡಿಗೆ ನಾಲ್ಕು ಮನೆ ಆಚೆ ಇರುವ ಒಬ್ಬ ಅಜ್ಜಿಗೆ ಮೂವರೂ ತಿಂಗಳಿಗೆ 1,500 ರೂಪಾಯಿಯಂತೆ ಕೊಡುತ್ತೇವೆ. ಅವರು ನಾಲ್ಕಕ್ಕೆ ಹೋಗಿ ಮೂರು ಮಕ್ಕಳನ್ನು ಕರೆತಂದು, ಕೈಕಾಲು ತೊಳೆಸಿ, ಜಗಲಿಯಲ್ಲಿ ಚೌಕಾಬಾರ ಆಡಿಸುತ್ತಾ ಆರರವರೆಗೆ ಇಟ್ಟುಕೊಳ್ಳುತ್ತಾರೆ. ಈ ಪರಿಚಯವೂ ಅಂಗನವಾಡಿಯಿಂದಲೇ ಸಿಕ್ಕಿದ ಲಾಭವೆಂದು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ. ಪ್ಲೇ ಹೋಮಿನ ಗೇಟಿನಲ್ಲಿ ಆರು ತಿಂಗಳು ನಿಂತರೂ ನನಗೆ ಒಬ್ಬ ತಾಯಿಯ ಹೆಸರು ಗೊತ್ತಾಗಿರಲಿಲ್ಲ. ಸಮಿತಿಯ ಸಭೆಗೆ ತಂದೆಯರು ಬರುವುದಿಲ್ಲ. ನನ್ನವರು ಒಮ್ಮೆ ಹೋದಾಗ ಎಲ್ಲರೂ ಎದ್ದು ನಿಂತು, ಯಾವುದೋ ಇಲಾಖೆಯಿಂದ ತಪಾಸಣೆಗೆ ಬಂದವರೆಂದು ತಿಳಿದು ಕುರ್ಚಿ ಹಾಕಿದ್ದರಂತೆ. ಹಾಕಿದ ಕುರ್ಚಿಯಲ್ಲಿ ಕೂರದೆ ಅವರು ಶೌಚಾಲಯದ ಬಾಗಿಲು ನೋಡಿ, ಮುಂದಿನ ಭಾನುವಾರ ಡ್ರಿಲ್ ತಂದು ಮಕ್ಕಳಿಗೆ ಎಟಕುವ ಎತ್ತರದಲ್ಲಿ ಇನ್ನೊಂದು ಚಿಲಕ ಹಾಕಿಬಂದರು.

ಸೇರಿಸುವ ಯೋಚನೆ ಇರುವವರು ಬೆಳಿಗ್ಗೆ ಹೋಗಿ ನೋಡಬೇಡಿ. ಮಧ್ಯಾಹ್ನ ಹನ್ನೆರಡೂವರೆಗೆ, ಊಟ ಬಡಿಸುವ ಹೊತ್ತಿಗೆ ಹೋಗಿ. ಕೈ ತೊಳೆಸುತ್ತಾರೆಯೇ, ಅಳುವ ಮಗುವಿನ ಹತ್ತಿರ ಯಾರು ಇದ್ದಾರೆ, ಟೀಚರ ಕೈಯಲ್ಲಿ ಇರುವುದು ಸೌಟೋ ಮೊಬೈಲೋ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಎಲ್ಲ ಕೇಂದ್ರಗಳೂ ನಮ್ಮದರಂತೆ ಇಲ್ಲ. ಎರಡು ಬೀದಿಯಾಚೆಯ ಇನ್ನೊಂದಕ್ಕೆ ನಾನು ಮಗಳನ್ನು ಕಳಿಸುತ್ತಿರಲಿಲ್ಲ. ಎರಡು ಜೊತೆ ಬಟ್ಟೆ, ಒಂದು ಲೋಟ ಕಳಿಸಿ. ಮೊದಲ ಮೂರು ತಿಂಗಳು ನೆಗಡಿ ಕೆಮ್ಮು ಬಿಡದೆ ಬರುತ್ತದೆ, ಅದು ಯಾವ ಶುಲ್ಕದ ಶಾಲೆಯಲ್ಲೂ ತಪ್ಪುವುದಿಲ್ಲ; ರಜೆಗಳನ್ನು ಅದಕ್ಕೆಂದು ಉಳಿಸಿಟ್ಟುಕೊಳ್ಳಿ. ನಾಲ್ಕು ಗಂಟೆಯ ಮೇಲಿನ ಏರ್ಪಾಟು ಆಗುವವರೆಗೆ ಕೆಲಸಕ್ಕೆ ಸೇರುವ ದಿನವನ್ನು ಯಾರಿಗೂ ಮಾತು ಕೊಡಬೇಡಿ.

ನಮ್ಮ ಅಜ್ಜಿ ಏಪ್ರಿಲಿನಲ್ಲಿ ಮಗನ ಮನೆಗೆಂದು ಬೆಂಗಳೂರಿಗೆ ಹೊರಟಿದ್ದಾರೆ. ಮೂವರು ತಾಯಂದಿರೂ ಈಗ ಬೀದಿಯ ಜಗಲಿಗಳ ಮೇಲೆ ಕಣ್ಣಿಟ್ಟು ಓಡಾಡುತ್ತಿದ್ದೇವೆ.